ಹೊಸ್ತಿಲು ದಾಟಿದ ದನಿಗಳು



ಇವತ್ತಿನ ಮಾತು ಹಳೆಯ ಗ್ರಾಮಫೋನ್ ರಿಕಾರ್ಡುಗಳ ಬಗ್ಗೆ. ನಮ್ಮ ಕಡೆಯ ಹಿರಿಯರು ಇವನ್ನು ಪ್ಲೇಟು ಅನ್ನುತ್ತಾರೆ. ಅವುಗಳಲ್ಲೂ ಹೆಂಗಸರು ಹಾಡಿದ ಪ್ಲೇಟುಗಳ ಬಗ್ಗೆ ಮಾತ್ರ ಹೇಳುತ್ತೇನೆ. ಹಲವು ವರ್ಷಗಳಿಂದ ನಾನು ಇವನ್ನೇ ಹುಡುಕಿ ಕೂಡಿಡುತ್ತಾ ಬಂದಿದ್ದೇನೆ. ನಮ್ಮ ಕಲಬುರಗಿ ಜಿಲ್ಲೆಯ ಚಿತ್ತಾಪುರ, ವಾಡಿ, ಶಹಾಬಾದ, ಸೇಡಂ, ಚಿಂಚೋಳಿಗಳ ಸುತ್ತಮುತ್ತ ಸಿಕ್ಕವೇ ಹೆಚ್ಚು. ಉಳಿದವು ಹೈದರಾಬಾದಿನ ಜುಮ್ಮೇರಾತ್ ಬಜಾರಿನಿಂದ ಮತ್ತು ಮುಂಬೈಯ ಚೋರ್ ಬಜಾರಿನಿಂದ ಬಂದವು.

ಹೆಂಗಸರ ಪ್ಲೇಟುಗಳೇ ಯಾಕೆ? ಈ ಪ್ರಶ್ನೆಯನ್ನು ಬಹಳ ಜನ ಕೇಳಿದ್ದಾರೆ. ಉತ್ತರ ಹೇಳಬೇಕಾದರೆ 1902ಕ್ಕೆ ಹೋಗಬೇಕು.

ಆ ವರ್ಷದ ನವೆಂಬರ್ ತಿಂಗಳು. ಕಲ್ಕತ್ತೆಯ ಒಂದು ಹೋಟೆಲು. ಅಲ್ಲಿನ ಕೋಣೆಯೊಂದನ್ನು ಹಾಡು ಮುದ್ರಿಸುವುದಕ್ಕೆ ಸಜ್ಜು ಮಾಡಿದ್ದರು. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬಾತ ಯಂತ್ರ ಹೊತ್ತುಕೊಂಡು ಬಂದಿದ್ದ. ಮೈಕು ಇನ್ನೂ ಬಂದಿರಲಿಲ್ಲ. ಗೋಡೆಯಿಂದ ದೊಡ್ಡದೊಂದು ಕಹಳೆ ಮುಂದಕ್ಕೆ ಚಾಚಿಕೊಂಡಿತ್ತು. ಹಾಡುವವರು ಅದರ ಬಾಯಿಗೆ ಮುಖ ಕೊಟ್ಟು, ತಲೆ ಆಡಿಸದೆ, ದನಿ ಏರಿಸಿ ಹಾಡಬೇಕಿತ್ತು. ದನಿಯ ಒತ್ತಡಕ್ಕೆ ಆಚೆ ಬದಿಯ ಮುಳ್ಳು ನಡುಗುತ್ತಿತ್ತು. ತಿರುಗುವ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯುತ್ತಿತ್ತು. ಒಂದು ಹಾಡಿಗೆ ಹೆಚ್ಚೆಂದರೆ ಮೂರು ನಿಮಿಷ.

ಆ ಕಹಳೆಯ ಮುಂದೆ ಬಂದು ನಿಂತವರು ಗಾಯಕಿ ಗೌಹರ್ ಜಾನ್. ಆಗ ಅವರಿಗೆ ಮೂವತ್ತರ ಆಸುಪಾಸು. ಖ್ಯಾಲನ್ನು ಗಂಟೆಗಟ್ಟಲೆ ಹಿಗ್ಗಿಸಿ ಹಾಡುವ ಕಾಲ ಅದು. ಅದನ್ನೇ ಮೂರು ನಿಮಿಷಕ್ಕೆ ಕೂರಿಸಬೇಕಿತ್ತು. ಗೌಹರ್ ಜಾನ್ ಅದನ್ನು ಸಾಧಿಸಿದರು. ಎತ್ತುಗಡೆ, ಬಂದಿಶು, ತಾನ, ಮುಕ್ತಾಯ ಎಲ್ಲವೂ ಆ ಸಣ್ಣ ಅವಧಿಯಲ್ಲಿ ಬಂದವು. ಹಾಡು ಮುಗಿದ ಮೇಲೆ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳಿದರು. ಇವತ್ತಿಗೂ ಆ ಪ್ಲೇಟು ಹಾಕಿದರೆ ಕೊನೆಯಲ್ಲಿ ಆ ಹೆಸರು ಕೇಳುತ್ತದೆ. ಗಟ್ಟಿ ದನಿ, ಅಳುಕಿಲ್ಲದ ದನಿ.

ಹೆಸರು ಹೇಳುವುದಕ್ಕೆ ಒಂದು ಕಾರಣವಿತ್ತು. ಆಗ ನಮ್ಮ ದೇಶದಲ್ಲಿ ಪ್ಲೇಟು ಒತ್ತುವ ಕಾರ್ಖಾನೆ ಇರಲಿಲ್ಲ. ಮೇಣದ ತಟ್ಟೆ ಹಡಗು ಹತ್ತಿ ಜರ್ಮನಿಯ ಹ್ಯಾನೋವರ್ ಪಟ್ಟಣಕ್ಕೆ ಹೋಗುತ್ತಿತ್ತು. ಯಾರು ಹಾಡಿದ್ದಾರೆಂದು ಅಲ್ಲಿನವರಿಗೆ ತಿಳಿಯಬೇಕಲ್ಲ, ಅದಕ್ಕೆ ಹೆಸರು. ಪ್ಲೇಟಿನ ಮುಖ್ಯ ಪದಾರ್ಥವಾದ ಅರಗು ಹೋಗುತ್ತಿದ್ದದ್ದು ನಮ್ಮ ದೇಶದಿಂದಲೇ. ಮುತ್ತುಗದ ಗಿಡದ ಮೇಲೆ, ಬಾರೆ ಗಿಡದ ಮೇಲೆ ಅರಗಿನ ಹುಳು ಕಟ್ಟುವ ಅಂಟು ಅದು. ನಮ್ಮ ಕಾಡಿನ ಅರಗು ಜರ್ಮನಿಗೆ ಹೋಗಿ, ನಮ್ಮದೇ ಗಾಯಕಿಯ ದನಿ ಹೊತ್ತು ತಿರುಗಿ ಬರುತ್ತಿತ್ತು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ಆದ ಮೇಲೆ ಈ ಅಲೆದಾಟ ತಪ್ಪಿತು.

ಗೌಹರ್ ಜಾನ್ ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಸುಮಾರು 600 ಹಾಡು ಮುದ್ರಿಸಿದರು. ಅವರ ಕೊನೆಯ ದಿನಗಳು ಕಳೆದದ್ದು ನಮ್ಮ ನಾಡಿನಲ್ಲಿ. 1928ರಲ್ಲಿ ಮೈಸೂರು ಅರಮನೆಯ ಆಸ್ಥಾನ ಗಾಯಕಿಯಾಗಿ ಬಂದರು. ಒಂದೂವರೆ ವರ್ಷವೂ ತುಂಬಲಿಲ್ಲ. 1930ರ ಜನವರಿಯಲ್ಲಿ ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ತೀರಿಕೊಂಡರು.

ಇಷ್ಟರಿಂದ ಒಂದು ವಿಷಯ ತಿಳಿಯಿತು. ನಮ್ಮ ದೇಶದ ಮೊದಲ ಪ್ಲೇಟುಗಳಲ್ಲಿ ಹೆಂಗಸರ ದನಿ ಇದೆ. ಗೌಹರ್ ಜಾನ್ ಒಬ್ಬರೇ ಇರಲಿಲ್ಲ. ಆಗ್ರಾದ ಜೊಹ್ರಾಬಾಯಿ ಇದ್ದರು. ಅಲಹಾಬಾದಿನ ಜಾನಕಿಬಾಯಿ ಇದ್ದರು. ದೊಡ್ಡ ದೊಡ್ಡ ಉಸ್ತಾದರು ಆಗ ಎಲ್ಲಿದ್ದರು?

ಅವರಲ್ಲಿ ಬಹಳ ಮಂದಿ ಹಿಂದೆ ಸರಿದಿದ್ದರು. ಯಂತ್ರದ ಮುಂದೆ ಹಾಡಿದರೆ ದನಿ ಹೋಗುತ್ತದೆ ಎಂಬ ಭಯ ಕೆಲವರಿಗೆ. ಘರಾಣೆಯ ಗುಟ್ಟನ್ನು ಇನ್ನೊಬ್ಬರು ಕದ್ದಾರು ಎಂಬ ಚಿಂತೆ ಕೆಲವರಿಗೆ. ರಾಜರ ಮುಂದೆ ಹಾಡಿದ ಚೀಜು ಪಾನ್ ಅಂಗಡಿಯಲ್ಲಿ ಕೇಳಿಬಂದರೆ ಮಾನ ಏನಾಗಬೇಕು ಎಂಬ ಸಂಕೋಚ ಇನ್ನು ಕೆಲವರಿಗೆ. ಹಾಡಿನಿಂದಲೇ ಹೊಟ್ಟೆ ಹೊರೆಯುತ್ತಿದ್ದ ಹೆಂಗಸರಿಗೆ ಆ ಸಂಕೋಚ ಕಟ್ಟಿಕೊಂಡು ಕೂರುವ ಅನುಕೂಲ ಇರಲಿಲ್ಲ. ಸಮಾಜ ಅವರನ್ನು ಮೊದಲೇ ಹೊರಗೆ ನಿಲ್ಲಿಸಿತ್ತು. ಹಾಡು ಕೇಳಲು ಗಂಡಸರು ಅವರ ಮನೆಗೆ ಹೋಗುತ್ತಿದ್ದರು. ಅವರನ್ನು ತಮ್ಮ ಮನೆಯ ಒಳಕ್ಕೆ ಕರೆಯುತ್ತಿರಲಿಲ್ಲ.

ಇನ್ನೊಂದು ಕಡೆ ಮನೆಯ ಹೆಂಗಸರಿದ್ದರು. ಅವರು ಹೊಸ್ತಿಲು ದಾಟಿ ಮೆಹಫಿಲ್ಲಿಗೆ ಹೋಗುವಂತಿರಲಿಲ್ಲ. ಒಳ್ಳೆಯ ಗಾಯಕಿ ಅದೇ ಊರಲ್ಲಿದ್ದರೂ ಅವಳ ಹಾಡು ಇವರ ಕಿವಿಗೆ ಬೀಳುತ್ತಿರಲಿಲ್ಲ. ಒಳಗೆ ಬರಲಾಗದ ಹೆಂಗಸು ಮತ್ತು ಹೊರಗೆ ಹೋಗಲಾಗದ ಹೆಂಗಸು. ಇವರಿಬ್ಬರ ನಡುವಿನ ಹೊಸ್ತಿಲನ್ನು ಪ್ಲೇಟು ದಾಟಿತು. ಇದು ಸಣ್ಣ ಮಾತಲ್ಲ. ನಾನು ಈ ಪ್ಲೇಟುಗಳನ್ನು ಕೂಡಿಡುವುದೇ ಇದಕ್ಕಾಗಿ.

ಹೆಂಗಸರೇ ಮೊದಲು ಯಾಕೆ ಹಾಡಿದರು, ಆ ದನಿ ಹೇಗೆ ಮನೆಯೊಳಗೆ ಬಂತು ಎಂಬುದನ್ನು ಹೇಳಿದೆ. ಈಗ ನಮ್ಮ ಭಾಗಕ್ಕೆ ಬರೋಣ.

ಚಿತ್ತಾಪುರದ ಕಡೆ ಇಂಥ ಪ್ಲೇಟುಗಳು ಎಲ್ಲಿಂದ ಬಂದವು ಅಂತ ಹೊರಗಿನವರಿಗೆ ಆಶ್ಚರ್ಯ. ರೈಲಿನಿಂದ ಬಂದವು. ಮುಂಬೈಯಿಂದ ಮದ್ರಾಸಿಗೆ ಹೋಗುವ ಹಳಿ 1871ರ ಹೊತ್ತಿಗೇ ನಮ್ಮ ನೆಲ ದಾಟಿತ್ತು. 1874ರಲ್ಲಿ ನಿಜಾಮರ ಸರಕಾರ ವಾಡಿಯಿಂದ ಸಿಕಂದರಾಬಾದಿಗೆ ಇನ್ನೊಂದು ಹಳಿ ಹಾಕಿಸಿತು. ಚಿತ್ತಾಪುರ, ಸೇಡಂ ಆ ಹಳಿಯ ಮೇಲಿನ ಊರುಗಳು. ಮುಂಬೈಯ ಸರಕು ಒಂದು ಕಡೆಯಿಂದ, ಹೈದರಾಬಾದಿನ ಸರಕು ಇನ್ನೊಂದು ಕಡೆಯಿಂದ. ಶಹಾಬಾದದಲ್ಲಿ ಕಲ್ಲಿನ ಗಣಿಗಳಿದ್ದವು, ಆಮೇಲೆ ಸಿಮೆಂಟ್ ಕಾರ್ಖಾನೆ ಬಂತು. ದೂರದೂರದ ಜನ ಕೆಲಸಕ್ಕೆ ಬಂದು ಕಾಲೋನಿಗಳಲ್ಲಿ ನೆಲೆಸಿದರು. ಒಬ್ಬೊಬ್ಬರೂ ತಮ್ಮ ಭಾಷೆಯ ಹಾಡು ತಂದರು.

ಹಾಗಾಗಿ ನಮ್ಮಲ್ಲಿ ಒಂದೇ ಪೆಟ್ಟಿಗೆಯಲ್ಲಿ ನಾಲ್ಕು ಭಾಷೆಯ ಪ್ಲೇಟು ಸಿಗುತ್ತವೆ. ಉರ್ದು ಗಜಲು, ಮರಾಠಿ ನಾಟ್ಯಗೀತೆ, ತೆಲುಗು ನಾಟಕದ ಪದ್ಯ, ಕನ್ನಡದ ಹಾಡು. ಆಗಿನ್ನೂ ಅಖ್ತರಿಬಾಯಿ ಫೈಜಾಬಾದಿ ಎಂದೇ ಹೆಸರಾಗಿದ್ದ ಬೇಗಂ ಅಖ್ತರ್ ಇರುತ್ತಾರೆ. ಅವರ ಬೆನ್ನಿಗೇ ಮಿರಜಿನಲ್ಲಿ ಹುಟ್ಟಿದ ಹೀರಾಬಾಯಿ ಬಡೋದೇಕರ್ ಇರುತ್ತಾರೆ. ಗಾಯಕ ಅಬ್ದುಲ್ ಕರೀಂ ಖಾನರ ಮಗಳು ಅವರು. ಟಿಕೇಟು ಇಟ್ಟ ಸಾರ್ವಜನಿಕ ಕಛೇರಿಯಲ್ಲಿ ಕೂತು ಹಾಡಿದ ಮೊದಲ ಹೆಂಗಸರಲ್ಲಿ ಒಬ್ಬರು. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇಂಥ ಮಿಶ್ರಣ ಸುಲಭಕ್ಕೆ ಸಿಗದು. ನಮ್ಮ ಭಾಗದ ಬಾಳುವೆಯೇ ಹೀಗಿತ್ತು ಎಂಬುದಕ್ಕೆ ಆ ಪೆಟ್ಟಿಗೆಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ರೈಲು ಪ್ಲೇಟು ತಂದಿತು, ಊರು ಅವನ್ನು ಬೆರೆಸಿ ಇಟ್ಟುಕೊಂಡಿತು. ಇನ್ನು ನಮ್ಮವರೇ ಆದ ಗಾಯಕಿಯರ ಮಾತು. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಮೊದಲು ಬೆಂಗಳೂರು ನಾಗರತ್ನಮ್ಮನವರು. ನಂಜನಗೂಡಿನಲ್ಲಿ ಹುಟ್ಟಿದವರು, ದೇವದಾಸಿ ಮನೆತನದವರು. ಕಹಳೆಯ ಕಾಲದಲ್ಲೇ ಪ್ಲೇಟಿಗೆ ಹಾಡಿದರು. ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿ ಇಂದು ಗುಡಿಯಾಗಿ ನಿಂತಿದ್ದರೆ ಅದು ಈ ಕನ್ನಡತಿಯ ದುಡಿಮೆಯ ಹಣದಿಂದ. ಅಲ್ಲಿ ಹೆಂಗಸರು ಹಾಡುವ ಹಕ್ಕಿಗಾಗಿ ಹೋರಾಡಿದವರೂ ಅವರೇ.

ಎರಡನೆಯವರು ಗಂಗೂಬಾಯಿ ಹಾನಗಲ್. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಮುಂದೆ ಸ್ವಾಗತ ಗೀತೆ ಹಾಡಿದ ಹುಡುಗಿ ಇವರು. ಮುಂದೆ ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯೆ. ಇವರ ಹೆಸರು ಹೇಳಿದೊಡನೆ ನಮ್ಮ ಕಿವಿಗೆ ಯಾವ ದನಿ ಬರುತ್ತದೆ? ಗಂಭೀರವಾದ, ಗಂಡುದನಿಯಂಥ, ನೆಲದಾಳದಿಂದ ಎದ್ದ ದನಿ. ಆಕಾಶವಾಣಿಯಲ್ಲಿ ನಾವೆಲ್ಲ ಕೇಳಿ ಬೆಳೆದ ದನಿ ಅದು.

ಆದರೆ 1930ರ ದಶಕದ ಅವರ ಪ್ಲೇಟು ಹಾಕಿ ನೋಡಿ. ಅದರ ಚೀಟಿಯ ಮೇಲೆ ಗಂಗೂಬಾಯಿ ಅಂತ ಇರುವುದಿಲ್ಲ. ಗಾಂಧಾರಿ ಹಾನಗಲ್ ಅಂತ ಇರುತ್ತದೆ. ಎಚ್‌ಎಂವಿ ಕಂಪನಿ ಅವರ ಆರಂಭದ ಪ್ಲೇಟುಗಳನ್ನು ಆ ಹೆಸರಿನಲ್ಲೇ ತಂದಿತು. ಗಾಯಕ ಜಿ.ಎನ್. ಜೋಶಿಯವರ ಜೊತೆ ಹಾಡಿದ ಮರಾಠಿ ಜೋಡಿಗೀತೆಗಳೂ ಇವೆ. ಆ ಪ್ಲೇಟಿನಲ್ಲಿ ಕೇಳುವ ದನಿ ಬೇರೆ. ತೆಳು, ಎತ್ತರ, ಇಂಪು. ಹದಿಹರೆಯ ದಾಟಿದ ಹೆಣ್ಣುಮಗಳ ದನಿ. ಮುಂದೆ ಗಂಟಲಿನ ತೊಂದರೆಗೆ ಚಿಕಿತ್ಸೆ ಆಯಿತು. ಅದರ ನಂತರ ದನಿ ಇಳಿಯಿತು, ದಪ್ಪವಾಯಿತು. ಹೊಸ ದನಿಗೆ ತಕ್ಕ ಹಾಡುಗಾರಿಕೆಯನ್ನು ಅವರು ಮೊದಲಿನಿಂದ ಕಟ್ಟಿಕೊಂಡರು. ಅದರಲ್ಲೇ ಶಿಖರ ಮುಟ್ಟಿದರು.

ಕೇಳುಗರೇ, ಆ ಮೊದಲಿನ ದನಿ ಇವತ್ತು ಎಲ್ಲಿದೆ? ಅರಗಿನ ಆ ಕೆಲವು ಪ್ಲೇಟುಗಳಲ್ಲಿ. ಅವರ ಕಛೇರಿಗಳನ್ನು ಕಂಡವರ ನೆನಪಿನಲ್ಲೂ ಅದು ಉಳಿದಿರಲಾರದು. ಒಂದು ಪ್ಲೇಟು ಒಡೆದರೆ ಆ ದನಿಯ ಒಂದು ಪ್ರತಿ ಕಡಿಮೆಯಾಯಿತು ಅಂತಲೇ ಅರ್ಥ. ಗಾಂಧಾರಿ ಹಾನಗಲ್ ಎಂಬ ಚೀಟಿ ನೋಡಿ, ಯಾರೋ ಗೊತ್ತಿಲ್ಲದ ಗಾಯಕಿ ಎಂದು ಬದಿಗೆ ಎಸೆದವರನ್ನು ನಾನು ನೋಡಿದ್ದೇನೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮೂರನೆಯವರು ಆಗಿನ ನಮ್ಮ ನೆರೆಯ ಜಿಲ್ಲೆಯವರು. ಹಿಂದಿನ ವಿಜಯಪುರ ಜಿಲ್ಲೆಯ ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ. ಅವರ ಅಕ್ಕ ಗೋಹರ್‌ಬಾಯಿ ಕರ್ನಾಟಕಿ ಬಾಲಗಂಧರ್ವರ ನಾಟಕ ಕಂಪನಿಯಲ್ಲಿ ಹಾಡಿ ಹೆಸರಾದವರು. ಅಮೀರ್‌ಬಾಯಿ ಮುಂಬೈಗೆ ಹೋಗಿ ಸಿನಿಮಾ ಸೇರಿದರು. 1943ರಲ್ಲಿ ಕಿಸ್ಮತ್ ಚಿತ್ರ ಬಂತು. ಕಲ್ಕತ್ತೆಯ ಒಂದೇ ಟಾಕೀಸಿನಲ್ಲಿ ಮೂರು ವರ್ಷಕ್ಕೂ ಮೀರಿ ಓಡಿದ ಚಿತ್ರ. ಅದರ ಹಾಡುಗಳಿಂದ ಅಮೀರ್‌ಬಾಯಿಯವರ ದನಿ ದೇಶದ ಮೂಲೆಮೂಲೆಗೂ ಹೋಯಿತು. ಲತಾ ಮಂಗೇಶ್ಕರ್ ಹೆಸರಾಗುವ ಮುಂಚಿನ ಮಾತು ಇದು.

ಇನ್ನೊಂದು ವಿಷಯ ಗಮನಿಸಿ. ಆಗ ಕನ್ನಡದ ನೆಲ ಹರಿದು ಹಂಚಿಹೋಗಿತ್ತು. ಬೀಳಗಿ ಮುಂಬೈ ಪ್ರಾಂತದಲ್ಲಿ. ನಮ್ಮ ಚಿತ್ತಾಪುರ ನಿಜಾಮರ ಹೈದರಾಬಾದಿನಲ್ಲಿ. ನಾವು ಒಂದಾದದ್ದು 1956ರಲ್ಲಿ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ಅದಕ್ಕಿಂತ ಮೂವತ್ತು ವರ್ಷ ಮೊದಲೇ ಲಾಹೋರಿನಿಂದ ಕಲ್ಕತ್ತೆಯವರೆಗೆ ಪ್ಲೇಟಿನ ಚೀಟಿಗಳ ಮೇಲೆ ಈ ನಾಡಿನ ಹೆಸರು ಓಡಾಡಿತ್ತು. ಅದನ್ನು ಹೊತ್ತು ತಿರುಗಿದವರು ಈ ಬೀಳಗಿಯ ಹೆಣ್ಣುಮಗಳು. ರಹಮತ್ ತರೀಕೆರೆಯವರು ಅಮೀರ್‌ಬಾಯಿಯವರ ಮೇಲೆ ಕನ್ನಡದಲ್ಲಿ ಪುಸ್ತಕವನ್ನೇ ಬರೆದಿದ್ದಾರೆ. ಸಿಕ್ಕರೆ ಓದಿ.

ಅಮೀರ್‌ಬಾಯಿಯವರ ಮಾತು ಬಂದಾಗ ಶಹಾಬಾದದ ಒಬ್ಬ ಅಕ್ಕೋರನ್ನು ನೆನೆಯಬೇಕು. ನಿವೃತ್ತ ಶಿಕ್ಷಕಿ. ಅವರ ತಾಯಿಯ ಟ್ರಂಕಿನಲ್ಲಿ ಒಂದು ಪ್ಲೇಟು ಇತ್ತು. ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದರು. ಕೈಗೆ ಕೊಡುವಾಗ ಅಕ್ಕೋರು ಅಂದರು: "ತಮ್ಮಾ, ನಮ್ಮವ್ವ ಇದನ್ನ ದಿನಾ ಕೇಳ್ತಿದ್ದಳು. ಮನಿ ಬಿಟ್ಟು ಹೊರಗ ಹೋದಾಕಿ ಅಲ್ಲ. ಈ ಹಾಡು ಕೇಳಿ ಕೇಳಿ ಕಲತಳು. ನಾವು ಸಣ್ಣೋರಿದ್ದಾಗ ತೊಟ್ಟಲ ತೂಗೂಮುಂದ ಇದನ್ನೇ ಹಾಡ್ತಿದ್ದಳು. ಈಗ ಸೀಳ್ಯಾದ ಖರೆ, ಆದ್ರ ಒಗ್ಯಾಕ ಮನಸು ಬಂದಿಲ್ಲ."

ಆ ಪ್ಲೇಟು ಹೇಗಿತ್ತು ಅಂತ ಹೇಳುತ್ತೇನೆ, ಕೇಳಿ. ಹತ್ತು ಅಂಗುಲ ಅಗಲ. ಕಪ್ಪು ಬಣ್ಣ. ಕೈಯಲ್ಲಿ ಹಿಡಿದರೆ ಒಳ್ಳೆ ತೂಕ. ನಡುವೆ ದುಂಡನೆಯ ಕಾಗದದ ಚೀಟಿ. ಚೀಟಿಯ ಮೇಲೆ ಕಹಳೆಯ ಮುಂದೆ ಕಿವಿಗೊಟ್ಟು ಕೂತ ನಾಯಿಯ ಚಿತ್ರ. ಅದರ ಕೆಳಗೆ ಅಮೀರ್‌ಬಾಯಿಯವರ ಹೆಸರು. ಅಂಚಿನಿಂದ ಚೀಟಿಯವರೆಗೆ ಕೂದಲೆಳೆಯಂಥ ಒಂದು ಸೀಳು. ಬೆರಳಾಡಿಸಿದರೆ ಸಿಗದು, ಉಗುರಿಗೆ ಮಾತ್ರ ಸಿಗುತ್ತದೆ. ಈ ಪ್ಲೇಟು ನಿಮಿಷಕ್ಕೆ 78 ಸುತ್ತು ತಿರುಗುತ್ತದೆ. ಪ್ರತಿ ಸುತ್ತಿಗೂ ಮುಳ್ಳು ಆ ಸೀಳನ್ನು ಒಮ್ಮೆ ದಾಟಬೇಕು. ಅಂದರೆ ಮೂರು ನಿಮಿಷದ ಹಾಡಿನಲ್ಲಿ ಇನ್ನೂರಕ್ಕೂ ಮಿಕ್ಕಿ ಟಕ್ ಟಕ್. ಮೊದಲ ಕೆಲವು ಸುತ್ತು ಆ ಸದ್ದೇ ಕೇಳುತ್ತದೆ. ಆಮೇಲೆ ಕಿವಿ ಅದನ್ನು ಬಿಟ್ಟು ಹಾಡನ್ನು ಹಿಡಿಯುತ್ತದೆ. ಅಕ್ಕೋರು ಜೊತೆಗೆ ಗುನುಗತೊಡಗಿದರು. ಅವರ ತಾಯಿಗೆ ಹಿಂದಿ ಅಷ್ಟಾಗಿ ಬರುತ್ತಿರಲಿಲ್ಲವಂತೆ. ಮಾತುಗಳೆಲ್ಲ ಕನ್ನಡದ ಬಾಯಿಗೆ ತಿರುಗಿ ಬೇರೆಯೇ ಆಗಿದ್ದವು. ರಾಗ ಮಾತ್ರ ಒಂದಿಷ್ಟೂ ಕದಲಿರಲಿಲ್ಲ.

ನಾಗರತ್ನಮ್ಮ, ಗಂಗೂಬಾಯಿ, ಅಮೀರ್‌ಬಾಯಿ ಈ ಮೂವರ ಮಾತಾಯಿತು. ಇನ್ನು ಪ್ಲೇಟಿನ ನಡುವಿನ ಆ ಚೀಟಿಯ ಬಗ್ಗೆ. ಪ್ಲೇಟು ಕೂಡಿಡುವವರು ಹಾಡಿಗಿಂತ ಮೊದಲು ಚೀಟಿ ಓದಬೇಕು. ಯಾಕೆಂದರೆ ಸಮಾಜ ಆ ಹೆಂಗಸರನ್ನು ಎಲ್ಲಿ ಕೂರಿಸಿತ್ತು ಎಂಬುದು ಅಲ್ಲೇ ಅಚ್ಚಾಗಿದೆ.

ಗಂಡಸಾದರೆ ಉಸ್ತಾದ ಅಥವಾ ಪಂಡಿತ. ಹೆಂಗಸಾದರೆ ಬಾಯಿ ಅಥವಾ ಜಾನ್. ಎಷ್ಟು ದೊಡ್ಡ ಗಾಯಕಿಯಾದರೂ ಬಾಯಿ ಆಗಿಯೇ ಉಳಿಯುತ್ತಾಳೆ ಎಂದು ಗಂಗೂಬಾಯಿಯವರೇ ನೊಂದು ಹೇಳಿದ್ದುಂಟು. ಗೃಹಸ್ಥ ಮನೆತನದ ಹೆಣ್ಣುಮಗಳು ಹಾಡಿದರೆ ಹೆಸರಿನ ಮುಂದೆ ಅಮೆಚೂರ್ ಎಂದು ಹಾಕುತ್ತಿದ್ದರು. ಈಕೆ ಹಾಡಿ ದುಡಿಯುವವಳಲ್ಲ ಎಂಬ ಷರಾ ಅದು. ರವೀಂದ್ರನಾಥ ಠಾಕೂರರ ಹಾಡುಗಳನ್ನು ಹಾಡಿದ ಅಮಲಾ ದಾಸ್ ಅವರ ಚೀಟಿಯಲ್ಲಿ ಅವರ ಪೂರ್ತಿ ಹೆಸರೂ ಇಲ್ಲ. ಮಿಸ್ ದಾಸ್, ಅಮೆಚೂರ್, ಅಷ್ಟೇ. ದುಡಿಯುವವಳ ಹೆಸರಿಗೆ ಅಗೌರವ, ದುಡಿಯದವಳಿಗೆ ಅರ್ಧ ಹೆಸರು. ಎರಡೂ ನನಗೆ ಒಂದೇ ಥರದ ಅನ್ಯಾಯವಾಗಿ ಕಾಣುತ್ತವೆ.

ಸಿನಿಮಾ ಬಂದ ಮೇಲೂ ಇದು ನಿಲ್ಲಲಿಲ್ಲ. 1949ರ ಮಹಲ್ ಚಿತ್ರ. ಆಯೇಗಾ ಆನೇವಾಲಾ ಎಂಬ ಹಾಡು. ಅದರ ಪ್ಲೇಟಿನ ಮೇಲೆ ಹಾಡಿದವರ ಹೆಸರಿನ ಜಾಗದಲ್ಲಿ ಕಾಮಿನಿ ಎಂದಿತ್ತು. ಕಾಮಿನಿ ಚಿತ್ರದ ಒಂದು ಪಾತ್ರ. ಹಾಡಿದವರು ಲತಾ ಮಂಗೇಶ್ಕರ್. ಹಾಡು ಕೇಳಿದ ಜನ ಇದು ಯಾರ ದನಿ ಎಂದು ರೇಡಿಯೋಕ್ಕೆ ಕಾಗದ ಬರೆದರು. ಕಂಪನಿಯಿಂದ ಹೆಸರು ತಿಳಿದುಕೊಂಡು ರೇಡಿಯೋದಲ್ಲಿ ಹೇಳಿದರು. ಒಬ್ಬ ಗಾಯಕಿಗೆ ಅವರ ಹೆಸರನ್ನು ಮರಳಿ ಕೊಡಿಸಿದ್ದು ನಿಮ್ಮಂಥ ಕೇಳುಗರ ಕಾಗದಗಳು. ಈ ಬಾನುಲಿಯಲ್ಲಿ ಕೂತು ಅದನ್ನು ಹೇಳುವಾಗ ನನಗೆ ಹೆಮ್ಮೆಯಾಗುತ್ತದೆ.

ಚೀಟಿಯ ಮಾತು ಹೇಳಿದೆ, ಹೆಸರಿನ ಮಾತು ಹೇಳಿದೆ. ಇದು ನಮ್ಮ ದೇಶದ ಕತೆ ಮಾತ್ರ ಎಂದುಕೊಳ್ಳಬೇಡಿ. ಅಮೆರಿಕದಲ್ಲೂ ಹೀಗೇ ನಡೆಯಿತು.

ಅಲ್ಲಿ ಕರಿಯ ಜನರ ಹಾಡುಗಾರಿಕೆಯಿಂದ ಬ್ಲೂಸ್ ಬಂತು, ಜಾಜ್ ಬಂತು. ಬಹಳ ವರ್ಷ ಕಂಪನಿಗಳು ಅವರನ್ನು ಹತ್ತಿರ ಸೇರಿಸಲಿಲ್ಲ. 1920ರಲ್ಲಿ ಮೇಮಿ ಸ್ಮಿತ್ ಎಂಬ ಕರಿಯ ಹೆಣ್ಣುಮಗಳು ಒಂದು ಬ್ಲೂಸ್ ಹಾಡಿದರು. ಪ್ಲೇಟು ಬಿಸಿ ಬಿಸಿಯಾಗಿ ಖರ್ಚಾಯಿತು. ಆಮೇಲೆ ಕಂಪನಿಗಳು ಗಾಯಕಿಯರನ್ನು ಹುಡುಕಿಕೊಂಡು ಹೊರಟವು. ಮಾ ರೇನಿ ಬಂದರು, ಬೆಸ್ಸಿ ಸ್ಮಿತ್ ಬಂದರು. ಮುಂದೆ ಬಿಲಿ ಹಾಲಿಡೇ, ಎಲ್ಲಾ ಫಿಟ್ಜೆರಾಲ್ಡ್. ಬೆಸ್ಸಿ ಸ್ಮಿತ್ ತಮ್ಮ ಕಾಲದ ದೊಡ್ಡ ಹೆಸರು. 1937ರಲ್ಲಿ ಮೋಟಾರು ಅಪಘಾತದಲ್ಲಿ ತೀರಿಕೊಂಡರು. ಅವರ ಗೋರಿಯ ಮೇಲೆ ಒಂದು ಕಲ್ಲೂ ಇರಲಿಲ್ಲ. 1970ರಲ್ಲಿ ಹೆಸರು ಕೆತ್ತಿದ ಕಲ್ಲು ನಿಂತಿತು. ಅದರ ಖರ್ಚು ಕೊಟ್ಟವರಲ್ಲಿ ಒಬ್ಬರು ಜಾನಿಸ್ ಜಾಪ್ಲಿನ್. ಅವರೂ ಗಾಯಕಿ. ಬೆಸ್ಸಿಯವರ ಹಳೆಯ ಪ್ಲೇಟು ಕೇಳಿ ಹಾಡು ಕಲಿತವರು. ಶಹಾಬಾದದ ಕಲ್ಲಿನ ನಡುವೆ ಬೆಳೆದವರಿಗೆ ಒಂದು ಕಲ್ಲಿನ ಬೆಲೆ ಎಷ್ಟೆಂದು ಗೊತ್ತು. ಮೂವತ್ತಕ್ಕೂ ಹೆಚ್ಚು ವರ್ಷ ಅದು ಬೆಸ್ಸಿಗೆ ಸಿಗಲಿಲ್ಲ.

ಜಾಜಿನ ನಂಟು ನಮಗೂ ಇದೆ. ಮುಂಬೈಯ ಆಶಾ ಪುತ್ಲಿ ಅಮೆರಿಕಕ್ಕೆ ಹೋಗಿ, 1970ರ ದಶಕದ ಆರಂಭದಲ್ಲಿ ಆರ್ನೆಟ್ ಕೋಲ್ಮನ್ ಅವರಂಥ ದೊಡ್ಡ ಜಾಜ್ ಕಲಾವಿದರ ಆಲ್ಬಮ್ಮಿನಲ್ಲಿ ಹಾಡಿದರು. ಅವರ ಪ್ಲೇಟುಗಳನ್ನು ಹುಡುಕುವವರು ಇಂದು ಹಲವು ದೇಶಗಳಲ್ಲಿ ಇದ್ದಾರೆ. ಇನ್ನೂ ದೂರ ಹೋದದ್ದು ಹಿಂದೂಸ್ತಾನಿ ಗಾಯಕಿ ಕೇಸರಬಾಯಿ ಕೇರಕರ್ ಅವರ ದನಿ. 1977ರಲ್ಲಿ ಅಮೆರಿಕ ಹಾರಿಸಿದ ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪದ ಒಂದೊಂದು ತಟ್ಟೆ ಇಟ್ಟಿದ್ದಾರೆ. ಭೂಮಿಯ ಸಂಗೀತದ ಮಾದರಿ ಅದು. ನಮ್ಮ ದೇಶದಿಂದ ಅದರಲ್ಲಿ ಸೇರಿದ್ದು ಕೇಸರಬಾಯಿಯವರ ಭೈರವಿ. ನೌಕೆಗಳು ಹಾರಿದ ಕೆಲವೇ ದಿನಕ್ಕೆ, ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಅವರು ತೀರಿಕೊಂಡರು.

ದೂರದ ಮಾತು ಸಾಕು. ಈಗ ನಿಮ್ಮ ಮನೆಯ ಅಟ್ಟಕ್ಕೆ ಬರೋಣ. ಪ್ಲೇಟು ಸಿಕ್ಕರೆ ಏನು ಮಾಡಬೇಕು, ಏನು ಮಾಡಬಾರದು.

ಮೊದಲು ಯಾವ ಜಾತಿಯದು ಎಂದು ತಿಳಿಯಬೇಕು. ಅರಗಿನ ಪ್ಲೇಟು ದಪ್ಪ, ಭಾರ, ಕೈ ಜಾರಿದರೆ ಚೂರು. ವಿನೈಲ್ ಪ್ಲೇಟು ತೆಳು, ಹಗುರ, ಸ್ವಲ್ಪ ಬಾಗುತ್ತದೆ. ಲಾಂಗ್ ಪ್ಲೇ ಎನ್ನುವುದು ಇದನ್ನೇ. ಒಂದು ಬದಿಗೆ ಇಪ್ಪತ್ತು ನಿಮಿಷದ ಹಾಡು ಹಿಡಿಯುತ್ತದೆ.

ಧೂಳು ನಮ್ಮ ಭಾಗದ ದೊಡ್ಡ ಶತ್ರು. ಗಣಿಯ ಧೂಳು, ಸಿಮೆಂಟಿನ ಧೂಳು. ಅದು ಗೆರೆಯೊಳಗೆ ಕೂತರೆ ಮುಳ್ಳು ಅದನ್ನು ಉಜ್ಜಿ ಗೆರೆಯನ್ನೇ ತಿನ್ನುತ್ತದೆ. ತಣ್ಣೀರಿಗೆ ಒಂದೆರಡು ಹನಿ ಮೆದು ಸೋಪು ಹಾಕಿ. ಮೆತ್ತನೆ ಬಟ್ಟೆ ಅದ್ದಿ ಹಿಂಡಿ, ಗೆರೆ ಹೋದ ದಿಕ್ಕಿನಲ್ಲೇ ಒರೆಸಿ. ನಡುವಿನ ಚೀಟಿಗೆ ನೀರು ತಾಗಿಸಬೇಡಿ. ಆ ಕಾಗದ ಹೋದರೆ ಹೆಸರೇ ಹೋಯಿತು. ಸ್ಪಿರಿಟ್ಟು ಮಾತ್ರ ಅರಗಿನ ಪ್ಲೇಟಿಗೆ ಯಾವ ಕಾರಣಕ್ಕೂ ಹಚ್ಚಬೇಡಿ. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಹೊಳಪು ಬರಲೆಂದು ಸ್ಪಿರಿಟ್ಟು ಹಾಕಿ ಒರೆಸಿದ ಒಂದು ಪ್ಲೇಟು ನನ್ನ ಬಳಿ ಇದೆ. ಅದರಲ್ಲಿ ಈಗ ಬರೀ ಗೊರಗೊರ ಸದ್ದು.

ಬೇಸಿಗೆಯಲ್ಲಿ ನಮ್ಮಲ್ಲಿ 43, 44 ಡಿಗ್ರಿ ಬಿಸಿಲು. ತಗಡಿನ ಸೂರಿನ ಕೆಳಗೆ ಇಟ್ಟ ವಿನೈಲು ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಆದ್ದರಿಂದ ಅಟ್ಟ ಬೇಡ. ನೆಲಮನೆಯ ತಂಪು ಮೂಲೆ ಒಳ್ಳೆಯದು. ಒಂದರ ಮೇಲೊಂದು ಪೇರಿಸಬಾರದು. ಪುಸ್ತಕದಂತೆ ನಿಲ್ಲಿಸಿಡಬೇಕು.

ಹಳೆಯ ಯಂತ್ರದಲ್ಲಿ ಹಾಕಿ ಕೇಳುವ ಆಸೆ ಎಲ್ಲರಿಗೂ ಇರುತ್ತದೆ. ಕೀಲಿ ಕೊಟ್ಟು ತಿರುಗಿಸುವ ಯಂತ್ರದ ತೋಳು ಬಹಳ ಭಾರ. ಪ್ರತಿ ಹಾಡಿಗೂ ಹೊಸ ಮುಳ್ಳು ಹಾಕಬೇಕು. ಹಳೆಯ ಮುಳ್ಳು ಗೆರೆಯನ್ನು ಹರಿಯುತ್ತದೆ. ಅಪರೂಪದ ಪ್ಲೇಟಾದರೆ ಆ ಯಂತ್ರಕ್ಕೆ ಹಾಕಲೇಬೇಡಿ. ಹಗುರ ತೋಳಿನ, ವಿದ್ಯುತ್ತಿನ ಟರ್ನ್‌ಟೇಬಲ್ಲಿನಲ್ಲಿ 78ರ ಪ್ಲೇಟಿಗೆಂದೇ ಮಾಡಿದ ಅಗಲ ಮುಳ್ಳು ಹಾಕಿ ಒಮ್ಮೆ ಕೇಳಿ, ಆಗಲೇ ಮುದ್ರಿಸಿಟ್ಟುಕೊಳ್ಳಿ.

ಮಾಡಬಾರದ ಇನ್ನೊಂದು ಕೆಲಸ ಇದೆ. ಪೇಟೆಯಲ್ಲಿ ಈಗ ಹಿತ್ತಾಳೆಯ ಕಹಳೆಗೆ ಬಹಳ ಗಿರಾಕಿ. ಹೋಟೆಲುಗಳ ಶೋಕೇಸಿಗೆ ಬೇಕು. ಎಷ್ಟೋ ಕಹಳೆಗಳು ಹೊಸದಾಗಿ ಮಾಡಿ ಹಳೆಯದೆಂದು ಮಾರಿದಂಥವು. ಕಹಳೆಗೆ ಸಾವಿರ ಸಾವಿರ ಕೊಡುವವರು ಜೊತೆಗಿದ್ದ ಪ್ಲೇಟುಗಳನ್ನು ಗುಜರಿಗೆ ಹಾಕುತ್ತಾರೆ. ವಾಡಿಯ ಒಬ್ಬ ಗುಜರಿಯವರು ನನ್ನನ್ನು ಕೇಳಿದರು: "ಸರ್, ಬಾಜಾ ಇಲ್ದ ಪ್ಲೇಟು ಒಯ್ದು ಏನ್ ಮಾಡ್ತೀರಿ?" ಒಂದು ಪ್ಲೇಟು ತೆಗೆದು ಚೀಟಿ ಓದಿ ಹೇಳಿದೆ. ಹೀರಾಬಾಯಿಯವರ ಹೆಸರು ಕೇಳಿ ಅವರು ಸುಮ್ಮನಾದರು. "ನಮ್ಮ ಅಜ್ಜ ಇವರ ನಾಟಕ ನೋಡ್ಯಾನಂತ್ರಿ" ಅಂದರು. ಅಂದಿನಿಂದ ಪ್ಲೇಟು ಬಂದರೆ ಒಡೆಯದೆ ತೆಗೆದಿಡುತ್ತಾರೆ. ವಿನೈಲನ್ನು ಕಾಯಿಸಿ ಬಟ್ಟಲು, ಗಡಿಯಾರ ಮಾಡಿ ಮಾರುವವರೂ ಇದ್ದಾರೆ. ಅಂಥದ್ದನ್ನು ದಯವಿಟ್ಟು ಕೊಳ್ಳಬೇಡಿ.

ಪ್ಲೇಟು ಕಾಪಾಡುವ ಕೆಲಸ ಒಬ್ಬಿಬ್ಬರದಲ್ಲ. ಸಂಗ್ರಾಹಕರು ಸೇರಿ 1990ರಲ್ಲೇ ಮುಂಬೈಯಲ್ಲಿ ಒಂದು ಸಂಘ ಕಟ್ಟಿಕೊಂಡಿದ್ದಾರೆ. ಗೌಹರ್ ಜಾನ್ ಅವರ ಜೀವನಚರಿತ್ರೆ ಬರೆದ ವಿಕ್ರಂ ಸಂಪತ್ ಬೆಂಗಳೂರಿನಲ್ಲಿ ಹಳೆಯ ಪ್ಲೇಟುಗಳ ದನಿಯನ್ನು ಡಿಜಿಟಲ್ ರೂಪಕ್ಕೆ ತರುವ ಸಂಗ್ರಹಾಲಯ ಆರಂಭಿಸಿದರು. ಅಲ್ಲಿನ ಹಾಡುಗಳನ್ನು ಯಾರು ಬೇಕಾದರೂ ಕೇಳುವಂತೆ ಮಾಡಿದರು.

ನಮ್ಮ ತಾಲೂಕುಗಳ ಪೆಟ್ಟಿಗೆಗಳಲ್ಲಿ ಇರುವುದೆಲ್ಲ ಇನ್ನೂ ಅಂಥ ಸಂಗ್ರಹಗಳಿಗೆ ಸೇರಿಲ್ಲ. ಆದ್ದರಿಂದ ನಿಮ್ಮಲ್ಲಿ ಒಂದು ಕೇಳಿಕೆ. ಇವತ್ತು ರಾತ್ರಿಯೇ ಬೇಡ, ಬಿಡುವಾದಾಗ ಮಾಡಿ. ಮನೆಯಲ್ಲಿ ಪ್ಲೇಟು ಇದ್ದರೆ ಹೊರಗೆ ತೆಗೆಯಿರಿ. ಒಂದು ಪಟ್ಟಿಪುಸ್ತಕ ಹಿಡಿಯಿರಿ. ಚೀಟಿಯ ಮೇಲಿನ ಹೆಸರನ್ನು ಇದ್ದದ್ದು ಇದ್ದಂತೆ ಬರೆದುಕೊಳ್ಳಿ. ಹಾಡಿನ ಮೊದಲ ಸಾಲು, ಭಾಷೆ, ಕಂಪನಿ, ಚೀಟಿಯ ಮೇಲಿನ ನಂಬರು ಬರೆದುಕೊಳ್ಳಿ. ಚೀಟಿಯ ಪಕ್ಕದಲ್ಲಿ ಪ್ಲೇಟಿನ ಮೈಮೇಲೇ ಸಣ್ಣ ಅಕ್ಷರದಲ್ಲಿ ಒತ್ತಿದ ಇನ್ನೊಂದು ನಂಬರು ಇರುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುತ್ತದೆ. ಯಾವ ಕಾಲದ ಹಾಡೆಂದು ಗೊತ್ತುಮಾಡಲು ಅದು ಬೇಕು. ಉರ್ದು ಚೀಟಿ ಓದಲು ಬಾರದಿದ್ದರೆ ಓಣಿಯ ಹಿರಿಯರೊಬ್ಬರ ಹತ್ತಿರ ಓದಿಸಿ. ತೆಲುಗಿನದು ಸೇಡಂ ಕಡೆಯವರು ಓದುತ್ತಾರೆ. ಆ ಹಾಡನ್ನು ಮನೆಯಲ್ಲಿ ಯಾರು ಕೇಳುತ್ತಿದ್ದರು, ಅಜ್ಜಿಯೋ, ತಾಯಿಯೋ, ಅತ್ತೆಯೋ, ಅವರ ಹೆಸರನ್ನೂ ಪಕ್ಕದಲ್ಲೇ ಬರೆಯಿರಿ.